ಕಾರಿಗೂ ಒಂದು ಪಾಳಿ ಬೇಕು: ಎಲೆಕ್ಟ್ರಿಕ್ ಕಾರನ್ನು ಮನೆಯಲ್ಲಿ ಚಾರ್ಜ್ ಮಾಡುವ ಬಗೆ

ಕಾರು ಮನೆಗೆ ಬಂದು ನಾಲ್ಕನೇ ದಿನ. ಮಾರ್ಚ್ ತಿಂಗಳು, ಸಂಜೆ ಏಳು ಗಂಟೆ. ಪ್ಲಗ್ ಹಾಕಿ ಒಳಗೆ ಬಂದು ಅಕ್ಕಿ ತೊಳೆಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೂಗಿದರು. "ನಿಮ್ಮನೇಲೂ ಲೋ ವೋಲ್ಟೇಜಾ?" ಅವರ ಫ್ಯಾನ್ ನಿಧಾನ ಆಗಿತ್ತು. ಸಂಪಿನ ಮೋಟರ್ ಹೂಂ ಅಂತ ಸದ್ದು ಮಾಡುತ್ತಿತ್ತು, ನೀರು ಎತ್ತುತ್ತಿರಲಿಲ್ಲ. ನಾನು ಹೊರಗೆ ಹೋಗಿ ಕಾರಿನ ಪ್ಲಗ್ ತೆಗೆದೆ. ಅವರ ಮೋಟರ್ ತಿರುಗಿತು.

ನಾನು ತಿಪಟೂರಿನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಓಮ್ಸ್ ನಿಯಮವನ್ನು ವರ್ಷ ವರ್ಷ ಬೋರ್ಡ್ ಮೇಲೆ ಬರೆದವಳು. ಆದರೆ ನನ್ನ ಕಾರು ಪಕ್ಕದ ಮನೆಯ ಮೋಟರನ್ನು ನಿಲ್ಲಿಸಿದ್ದು ಆ ಸಂಜೆಯೇ ಅರ್ಥವಾಯಿತು. ಆಮೇಲೆ ಎರಡು ವರ್ಷ ಲೆಕ್ಕ ಇಟ್ಟಿದ್ದೇನೆ. ಕಾರು ತೆಗೆದುಕೊಳ್ಳಬೇಕು ಅಂತ ಇರುವವರು, ಈಗಾಗಲೇ ತೆಗೆದುಕೊಂಡವರು ಇಬ್ಬರಿಗೂ ಉಪಯೋಗ ಆಗಲಿ ಅಂತ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ದಿನದ ಓಡಾಟ ಬರೆದಿಡಿ

ಶೋರೂಮಿಗೆ ಹೋಗುವ ಮೊದಲು ಒಂದು ತಿಂಗಳು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಾಡುತ್ತೀರಿ ಅಂತ ಬರೆದಿಡಿ. ನನ್ನ ಸ್ಕೂಲು ಊರಿಂದ 22 ಕಿಲೋಮೀಟರ್. ಹೋಗಿ ಬಂದರೆ 44. ಶನಿವಾರ ಅರ್ಧ ದಿನ, ಭಾನುವಾರ ತೋಟ. ತಿಂಗಳಿಗೊಮ್ಮೆ ಬೆಂಗಳೂರಿಗೆ, ಮಗಳ ಮನೆಗೆ. ಅದು ಒಂದು ಕಡೆಗೆ ಸುಮಾರು 140 ಕಿಲೋಮೀಟರ್.

ನನ್ನ ಕಾರಿನ ಬ್ಯಾಟರಿ ಸುಮಾರು 40 ಯೂನಿಟ್ ಹಿಡಿಯುತ್ತದೆ. ಯೂನಿಟ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಇರುವ ಅದೇ ಯೂನಿಟ್, ಕಿಲೋವ್ಯಾಟ್ ಅವರ್. ನಮ್ಮ ರಸ್ತೆಗಳಲ್ಲಿ ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುತ್ತದೆ. ಅಂದರೆ 44 ಕಿಲೋಮೀಟರಿಗೆ ಆರೂಕಾಲು ಯೂನಿಟ್. ಚಾರ್ಜ್ ಆಗುವಾಗ ಶಾಖವಾಗಿ ಹೋಗುವುದು ನೂರಕ್ಕೆ ಹತ್ತು ಹನ್ನೆರಡು. ಅದನ್ನೂ ಸೇರಿಸಿದರೆ ಮೀಟರಿನಲ್ಲಿ ಏಳು ಯೂನಿಟ್. ಈ ಏಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಕಂಪನಿಯವರ ಕಾಗದದಲ್ಲಿ ಬರೆದ ರೇಂಜನ್ನು ಹಾಗೇ ನಂಬಬೇಡಿ. ಅದು ಪರೀಕ್ಷಾ ಕೇಂದ್ರದ ಅಳತೆ. ಅದರ ಮೂರರಲ್ಲಿ ಎರಡು ಪಾಲು ಸಿಗುತ್ತದೆ ಅಂದುಕೊಂಡು ಹೊರಟರೆ ದಾರಿಯಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ. ಹೆದ್ದಾರಿಯಲ್ಲಿ ನೂರರ ವೇಗ ಹಿಡಿದರೆ ಇನ್ನೂ ಕಡಿಮೆ. ಎಂಬತ್ತರಲ್ಲಿ ಹೋದರೆ ಜಾಸ್ತಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹತ್ತನೇ ತರಗತಿಯ ಮಕ್ಕಳಿಗೂ ನಾನು ಹೇಳಿಕೊಡುವುದು ಇದನ್ನೇ.

ಘಟ್ಟದ ಲೆಕ್ಕ ಒಂದನ್ನು ಹೇಳಿಬಿಡುತ್ತೇನೆ, ತುಂಬ ಜನ ಕೇಳುತ್ತಾರೆ. ನಾವು ಧರ್ಮಸ್ಥಳಕ್ಕೆ ಚಾರ್ಮಾಡಿ ಮೇಲೆ ಹೋಗುತ್ತೇವೆ. ಕಾರು, ನಾಲ್ಕು ಜನ, ಸಾಮಾನು ಎಲ್ಲ ಸೇರಿ 1,800 ಕಿಲೋ ಇಟ್ಟುಕೊಳ್ಳಿ. ವಾಪಸ್ ಬರುವಾಗ ಸುಮಾರು 800 ಮೀಟರ್ ಎತ್ತರ ಹತ್ತಬೇಕು. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು ನಾಲ್ಕು ಯೂನಿಟ್ ಬೇಕು. ಅಂದರೆ ಬ್ಯಾಟರಿಯ ಹತ್ತನೇ ಒಂದು ಪಾಲು ಬರೀ ಹತ್ತುವುದಕ್ಕೇ ಖರ್ಚು. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ, ಮೋಟರ್ ಜನರೇಟರಿನಂತೆ ಕೆಲಸ ಮಾಡುತ್ತದೆ. ಆದ್ದರಿಂದ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಘಟ್ಟದ ಮೇಲಿನ ಕೊಟ್ಟಿಗೆಹಾರದಿಂದ ಇಳಿಯಬೇಡಿ. ವಾಪಸ್ ಬಂದ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ.

ಬಿಲ್ ತೆಗೆದು ನೋಡಿ

ಮನೆಯ ಕರೆಂಟ್ ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಇರುತ್ತದೆ. ಅದರ ಜೊತೆಗೆ ಮಂಜೂರಾದ ಲೋಡ್, ಅಂದರೆ ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅಂತಲೂ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನಮ್ಮದು 3 ಕಿಲೋವ್ಯಾಟ್. ಕಾರಿನ ಜೊತೆ ಬಂದ ಹುಡುಗರು ಗೋಡೆಗೆ ಕೂರಿಸಿ ಹೋದದ್ದು 7.2 ಕಿಲೋವ್ಯಾಟಿನ ಪೆಟ್ಟಿಗೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿಯ ಮೋಟರ್ ನಿಂತದ್ದು ಹಾಗೆ.

ಮನೆಯಲ್ಲಿ ಚಾರ್ಜ್ ಮಾಡುವುದಕ್ಕೆ ಎರಡು ದಾರಿ ಇವೆ. ಒಂದು, ಗೀಸರ್ ಸಾಕೆಟ್ಟಿನಂಥ 16 ಆಂಪ್ ಸಾಕೆಟ್. ಅದರಲ್ಲಿ ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ಇನ್ನೊಂದು, ಗೋಡೆಯ ಪೆಟ್ಟಿಗೆ, 7.2 ಕಿಲೋವ್ಯಾಟ್, ಹತ್ತಿರ ಹತ್ತಿರ 32 ಆಂಪ್. ಎಲ್ಲರೂ ದೊಡ್ಡದೇ ಬೇಕು ಅನ್ನುತ್ತಾರೆ. ನನ್ನ ಮಾತು ಕೇಳಿ, ಮುಕ್ಕಾಲು ಪಾಲು ಜನಕ್ಕೆ ಚಿಕ್ಕದೇ ಸಾಕು. ದಿನಕ್ಕೆ ಬೇಕಾದದ್ದು ಏಳು ಯೂನಿಟ್ ಅಲ್ವಾ? 3.3ರಲ್ಲಿ ಎರಡು ಗಂಟೆ ಹತ್ತು ನಿಮಿಷ. ರಾತ್ರಿ ಕಾರು ಸುಮ್ನೆ ನಿಂತಿರುವುದು ಎಂಟು ಹತ್ತು ಗಂಟೆ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಹದಿಮೂರು ಹದಿನಾಲ್ಕು ಗಂಟೆ ಬೇಕು ನಿಜ. ಆದರೆ ಪೂರ್ತಿ ಖಾಲಿ ಮಾಡಿಕೊಂಡು ಮನೆಗೆ ಬರುವ ದಿನ ವರ್ಷಕ್ಕೆ ಎಷ್ಟು ಸಲ? ನನಗೆ ಎರಡು ವರ್ಷದಲ್ಲಿ ಮೂರು ಸಲ.

ಚಿಕ್ಕ ಚಾರ್ಜರಿನ ಬೇಡಿಕೆ ಒಂದು 5 ಎಚ್‌ಪಿ ಪಂಪ್‌ಸೆಟ್ಟಿಗಿಂತ ಕಡಿಮೆ. ಇದನ್ನು ತೋಟದವರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಇನ್ನು ಗೃಹಜ್ಯೋತಿ. ಇದು ಕರ್ನಾಟಕದವರು ತಪ್ಪದೆ ನೋಡಬೇಕಾದ ಸಂಗತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ನಮ್ಮ ಮನೆಗೆ 90 ಯೂನಿಟ್ ಸಾಕಾಗುತ್ತಿತ್ತು. ಕಾರಿನದು 25 ದಿನಕ್ಕೆ 175. ಎರಡೂ ಒಂದೇ ಮೀಟರಿನಲ್ಲಿ ಓಡಿದರೆ 265. ಕಾರು ತೆಗೆದುಕೊಳ್ಳುವಾಗ "ಚಾರ್ಜಿಗೆ ತಿಂಗಳಿಗೆ ಸಾವಿರ ರೂಪಾಯಿ" ಅಂತ ಲೆಕ್ಕ ಹಾಕಿದವರು ಮನೆಯ ಬಿಲ್ಲನ್ನೂ ಅದಕ್ಕೆ ಸೇರಿಸಬೇಕು.

ಇದಕ್ಕೆ ದಾರಿ ಇದೆ. ಕಾರಿಗೇ ಬೇರೆ ಮೀಟರ್ ಕೇಳಬಹುದು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ವಾಹನದ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಪಡೆಯಲು ಅವಕಾಶ ಕೊಟ್ಟಿದೆ. ನಾನು 4 ಕಿಲೋವ್ಯಾಟಿನ ಬೇರೆ ಸಂಪರ್ಕ ತೆಗೆದುಕೊಂಡೆ. ಅರ್ಜಿ ಕೊಡುವಾಗ ಯಾವ ದರ ಹಾಕುತ್ತಾರೆ, ಕಿಲೋವ್ಯಾಟಿಗೆ ತಿಂಗಳ ನಿಗದಿ ಶುಲ್ಕ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ನಿಗದಿ ಶುಲ್ಕ ಕಾರು ಓಡಿದರೂ ಬರುತ್ತದೆ, ನಿಂತರೂ ಬರುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡ ಲೋಡ್ ಕೇಳಬೇಡಿ.

ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ನನಗೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ಹಳೆ ಪೆಟ್ರೋಲ್ ಕಾರಿಗೆ ಏಳು ರೂಪಾಯಿ ಬೀಳುತ್ತಿತ್ತು. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ಆಸುಪಾಸು ಕೊಡಬೇಕು. ಅದನ್ನೇ ದಿನಾ ನಂಬಿದರೆ ಉಳಿತಾಯ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಮನೆಯಲ್ಲೋ ಕೆಲಸದ ಜಾಗದಲ್ಲೋ ಪ್ಲಗ್ ಸಿಗದವರು ಸದ್ಯಕ್ಕೆ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ವೈರ್, ಅರ್ಥ್, ಸಾಕೆಟ್

ಇಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ.

ದೊಡ್ಡ ಪೆಟ್ಟಿಗೆ ತೆಗೆಸಿದ ಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದು ಬಚ್ಚಲುಮನೆಯ ಗೀಸರ್ ಲೈನಿನಿಂದಲೇ ಒಂದು ಸಾಕೆಟ್ ಎಳೆದುಕೊಟ್ಟ. "ಗೀಸರಿಗೆ ತಡೆಯುತ್ತೆ ಅಂದ್ರೆ ಕಾರಿಗೂ ತಡೆಯುತ್ತೆ ಮೇಡಂ" ಅಂದ. ಒಂದು ತಿಂಗಳಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಸಾಕೆಟ್ ಬಿಚ್ಚಿ ನೋಡಿದರೆ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಗೀಸರ್ ಎಳೆಯುವುದು ಹದಿನೈದು ನಿಮಿಷ. ಕಾರು ಅಷ್ಟೇ ಕರೆಂಟನ್ನು ಗಂಟೆಗಟ್ಟಲೆ ಎಳೆಯುತ್ತದೆ. ಸ್ಕ್ರೂ ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಶಾಖ ಕೂಡುತ್ತಾ ಹೋಗುತ್ತದೆ, ಆರುವುದಕ್ಕೆ ಸಮಯವೇ ಸಿಗುವುದಿಲ್ಲ.

ಆದ್ದರಿಂದ ಮೀಟರ್ ಬೋರ್ಡಿನಿಂದ ಕಾರಿನ ಸಾಕೆಟ್ಟಿಗೆ ಬೇರೆಯೇ ಲೈನ್ ಎಳೆಸಿ. ನಡುವೆ ಯಾವ ಜಾಯಿಂಟೂ ಬೇಡ. 16 ಆಂಪ್ ಸಾಕೆಟ್ಟಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್, 32 ಆಂಪ್ ಪೆಟ್ಟಿಗೆಗೆ ಕಡಿಮೆ ಅಂದರೂ 6. ಗೇಟ್ ದೂರ ಇದ್ದರೆ ಇನ್ನೂ ದಪ್ಪ. ಲೆಕ್ಕ ಬೇಕಾದರೆ ಇಲ್ಲಿದೆ. 6 ಚದರ ಮಿಲಿಮೀಟರ್ ವೈರಿನಲ್ಲಿ 40 ಮೀಟರ್ ದೂರಕ್ಕೆ 32 ಆಂಪ್ ಹರಿದರೆ ವೈರಿನಲ್ಲೇ ಎಂಟು ವೋಲ್ಟ್ ಕಳೆದುಹೋಗುತ್ತದೆ. ಅದಷ್ಟೂ ವೈರಿನಲ್ಲಿ ಬಿಸಿಯಾಗಿ ಹೋಗುತ್ತದೆ.

ಆ ಲೈನಿಗೆ ತನ್ನದೇ ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್, ಇರಲಿ. ಅದರ ಜೊತೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ಮಳೆಯಲ್ಲಿ ಒದ್ದೆ ಕೈಯಲ್ಲಿ ಪ್ಲಗ್ ಹಿಡಿಯುವವರು ನಾವು. ಅಂಗಡಿಯಲ್ಲಿ ಕೇಳುವಾಗ ಎ ಟೈಪ್ ಅಂತ ಹೇಳಿ ಕೇಳಿ. ಹಳೆಯ ಎಸಿ ಟೈಪ್ ಕಾರಿನ ಚಾರ್ಜರಿಗೆ ಸರಿಹೋಗುವುದಿಲ್ಲ.

ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ. ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಜನ ಕಾರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಅಳೆಯಿರಿ. ಎರಡು ಮೂರು ವೋಲ್ಟ್ ಒಳಗೆ ಇರಬೇಕು. ನಮ್ಮಲ್ಲಿ ಹದಿನಾಲ್ಕು ಇತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿದ ಮೇಲೆ ಒಂದಕ್ಕೆ ಇಳಿಯಿತು. ಈಗ ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕುತ್ತೇನೆ.

ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಮನೆಯ ಯುಪಿಎಸ್‌ನಿಂದ ಕಾರು ಚಾರ್ಜ್ ಮಾಡುವ ಯೋಚನೆಯನ್ನೂ ಬಿಡಿ. ತೋಟದ ಮನೆ ಇರುವವರಿಗೆ ಒಂದು ಮಾತು: ಪಂಪ್‌ಸೆಟ್ಟಿನ ಲೈನಿನಿಂದ ಕಾರಿಗೆ ಕರೆಂಟ್ ಎಳೆಯಬೇಡಿ. ಅದು ನೀರಾವರಿಗೆ ಕೊಟ್ಟ ಸಂಪರ್ಕ, ಬೇರೆ ಕೆಲಸಕ್ಕೆ ಬಳಸುವುದು ತಪ್ಪು. ಜೊತೆಗೆ ತೋಟದ ಲೈನಿನ ವೋಲ್ಟೇಜ್ ಹೇಗೆ ಏರಿಳಿಯುತ್ತದೆ ಅಂತ ನಿಮಗೇ ಗೊತ್ತು. ಲಕ್ಷಗಟ್ಟಲೆ ಬೆಲೆಯ ಬ್ಯಾಟರಿಯನ್ನು ಅದಕ್ಕೆ ಒಡ್ಡಬೇಡಿ.

ನಿಮ್ಮ ಬೀದಿಯ ಟಿಸಿ ಎಷ್ಟರದು?

ಅಜ್ಜಿಯ ಮೋಟರ್ ನಿಂತ ಮರುದಿನ ನಮ್ಮ ಬೀದಿಗೆ ಬರುವ ಲೈನ್‌ಮ್ಯಾನ್ ಸಿಕ್ಕರು. "ಟಿಸಿ ಚಿಕ್ಕದು ಮೇಡಂ, ಅರವತ್ಮೂರರದ್ದು" ಅಂದರು. ಟಿಸಿ ಅಂದರೆ ಬೀದಿ ಕೊನೆಯ ಕಂಬಗಳ ಮೇಲೆ ಕೂತಿರುವ ಟ್ರಾನ್ಸ್‌ಫಾರ್ಮರ್. 25, 63, 100, 250 ಕೆವಿಎ ಹೀಗೆ ಅಳತೆಗಳು ಇರುತ್ತವೆ. ಕೆವಿಎ ಅಂದರೆ ಅದು ಹೊರಬಲ್ಲ ಹೊರೆ, ನಮ್ಮ ಲೆಕ್ಕಕ್ಕೆ ಹೆಚ್ಚುಕಡಿಮೆ ಕಿಲೋವ್ಯಾಟ್ ಅಂದುಕೊಳ್ಳಿ. ಅದರ ಮೈಮೇಲಿನ ತಗಡಿನಲ್ಲಿ ಬರೆದಿರುತ್ತದೆ. ಹತ್ತಿರ ಹೋಗಬೇಡಿ, ಬೇಲಿಯ ಆಚೆಯಿಂದಲೇ ಓದಲು ಆಗುತ್ತದೆ. ಇಲ್ಲದಿದ್ದರೆ ಲೈನ್‌ಮ್ಯಾನನ್ನೇ ಕೇಳಿ.

63 ಕೆವಿಎಯನ್ನು ಮೂರು ಫೇಸಿಗೆ ಹಂಚಿದರೆ ಒಂದೊಂದಕ್ಕೆ 21. ಅಂದರೆ ಒಂದು ಫೇಸಿನಲ್ಲಿ ಸುಮಾರು 85ರಿಂದ 90 ಆಂಪ್. ನನ್ನ ದೊಡ್ಡ ಪೆಟ್ಟಿಗೆ ಒಂದೇ 31 ಆಂಪ್ ಎಳೆಯುತ್ತಿತ್ತು. ಹತ್ತು ಹದಿನೈದು ಮನೆಗಳು ಹಂಚಿಕೊಳ್ಳಬೇಕಾದ ಫೇಸಿನಲ್ಲಿ ಮೂರನೇ ಒಂದು ಪಾಲು ನನ್ನ ಒಂದು ಕಾರಿಗೆ! ಅದೂ ಎಲ್ಲರ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ, ಮೋಟರ್ ಓಡುವ ಹೊತ್ತಿನಲ್ಲಿ.

ಒಂದು ವಾರ ಮಲ್ಟಿಮೀಟರ್ ಹಿಡಿದು ಬರೆದುಕೊಂಡೆ. ಸಂಜೆ ಏಳೂವರೆಗೆ 196 ವೋಲ್ಟ್. ಹತ್ತಕ್ಕೆ 212. ಹನ್ನೊಂದೂವರೆಗೆ 228. ಬೆಳಗಿನ ಜಾವ ಮೂರಕ್ಕೆ 236. ನಿಮ್ಮ ಮನೆಯಲ್ಲೂ ಹೀಗೆ ಒಂದು ವಾರ ಅಳೆದು ನೋಡಿ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ವೋಲ್ಟೇಜ್ ಯಾವಾಗ ಏರುತ್ತದೋ ಆಗ ಬೀದಿಗೆ ಬಿಡುವು. ಕಾರಿನ ಪಾಳಿ ಆಗ.

ಲೋ ವೋಲ್ಟೇಜಿನಲ್ಲಿ ಚಾರ್ಜ್ ಮಾಡಿದರೆ ನಿಮಗೂ ಲಾಭ ಇಲ್ಲ. ಚಾರ್ಜರ್ ಎಳೆಯುವ ಆಂಪಿಗೆ ಮಿತಿ ಇರುತ್ತದೆ. ವೋಲ್ಟ್ ಇಳಿದಷ್ಟೂ ಬ್ಯಾಟರಿಗೆ ಹೋಗುವುದು ಕಡಿಮೆ, ಸಮಯ ಜಾಸ್ತಿ.

ಇಡೀ ರಾಜ್ಯಕ್ಕೆ ಕರೆಂಟ್ ಸಾಲುತ್ತದಾ?

ಸ್ಟಾಫ್‌ರೂಮಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. "ಈಗಲೇ ಲೋಡ್ ಶೆಡ್ಡಿಂಗ್, ಎಲ್ಲರೂ ಕರೆಂಟ್ ಕಾರು ತಗೊಂಡ್ರೆ ಗತಿ ಏನು?" ನಾನು ಇದನ್ನು ಮಕ್ಕಳಿಂದಲೇ ಬೋರ್ಡ್ ಮೇಲೆ ಲೆಕ್ಕ ಹಾಕಿಸಿದೆ.

ಒಂದು ಲಕ್ಷ ಕಾರು. ಒಂದಕ್ಕೆ ದಿನಕ್ಕೆ ಏಳು ಯೂನಿಟ್. ಒಟ್ಟು ಏಳು ಲಕ್ಷ ಯೂನಿಟ್. ಬೇಸಿಗೆಯಲ್ಲಿ ಕರ್ನಾಟಕ ದಿನಕ್ಕೆ ಬಳಸುವುದು 30 ಕೋಟಿ ಯೂನಿಟ್ ಆಸುಪಾಸು. ಏಳು ಲಕ್ಷ ಅದರಲ್ಲಿ ನೂರಕ್ಕೆ 0.25 ಕೂಡ ಆಗುವುದಿಲ್ಲ. ಹತ್ತು ಲಕ್ಷ ಕಾರು ಬಂದರೂ ನೂರಕ್ಕೆ ಎರಡೂವರೆ ದಾಟುವುದಿಲ್ಲ. ಮಕ್ಕಳು "ಇಷ್ಟೇನಾ ಮಿಸ್" ಅಂದರು.

ಆಮೇಲೆ ಎರಡನೇ ಲೆಕ್ಕ ಕೊಟ್ಟೆ. ಅದೇ ಒಂದು ಲಕ್ಷ ಕಾರಿನವರು ಸಂಜೆ ಏಳಕ್ಕೆ ಒಟ್ಟಿಗೇ 7.2 ಕಿಲೋವ್ಯಾಟಿನ ಪೆಟ್ಟಿಗೆಗೆ ಪ್ಲಗ್ ಹಾಕಿದರು ಅಂದುಕೊಳ್ಳಿ. 720 ಮೆಗಾವ್ಯಾಟ್. ಶರಾವತಿಯ ದೊಡ್ಡ ವಿದ್ಯುದಾಗಾರದ ಪೂರ್ತಿ ಶಕ್ತಿ 1,035 ಮೆಗಾವ್ಯಾಟ್. ಅದರ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬರೀ ಈ ಕಾರುಗಳಿಗೆ ಬೇಕು. ಹತ್ತು ಲಕ್ಷ ಕಾರು ಚಿಕ್ಕ ಚಾರ್ಜರಿನಲ್ಲೇ ಒಟ್ಟಿಗೆ ನಿಂತರೂ 3,300 ಮೆಗಾವ್ಯಾಟ್, ಮೂರು ಶರಾವತಿ. 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟಿತ್ತು. ಅದರ ಮೇಲೆ ಇದು.

ಕಾರೂ ಅದೇ, ಯೂನಿಟ್ಟೂ ಅದೇ. ಬದಲಾದದ್ದು ಹೊತ್ತು ಮಾತ್ರ.

ಸಂಜೆ ಏಳರ ಹೊತ್ತು ಯಾಕೆ ಕಷ್ಟ ಅಂದರೆ, ಆಗ ಸೂರ್ಯ ಮುಳುಗಿರುತ್ತಾನೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ತಿರುಮಣಿಯ ಕಡೆ ಹೋಗಿ ನೋಡಿ, ಕಣ್ಣು ಹಾಯಿಸಿದಷ್ಟೂ ನೀಲಿ ಹಲಗೆಗಳು. ಮಧ್ಯಾಹ್ನ ಹನ್ನೆರಡಕ್ಕೆ ಅದು ಕೊಡುವ ಕರೆಂಟ್ ಸಂಜೆ ಏಳಕ್ಕೆ ಸೊನ್ನೆ. ಅದೇ ಹೊತ್ತಿಗೆ ಮನೆಮನೆಯ ದೀಪ ಹತ್ತುತ್ತದೆ. ಆ ಕೊರತೆಯನ್ನು ಜಲಾಶಯದ ನೀರಿನಿಂದ, ರಾಯಚೂರು ಬಳ್ಳಾರಿಯ ಕಲ್ಲಿದ್ದಲಿನಿಂದ ತುಂಬಬೇಕು. ರಾತ್ರಿ ಹನ್ನೊಂದರ ಮೇಲೆ ಬೇಡಿಕೆ ಇಳಿಯುತ್ತದೆ. ಆಷಾಢದ ಗಾಳಿ ಬೀಸುವ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ.

ಹಾಗಾಗಿ ಒಳ್ಳೆಯ ಹೊತ್ತು ಎರಡು: ಮಟಮಟ ಮಧ್ಯಾಹ್ನ, ಇಲ್ಲವೇ ನಡುರಾತ್ರಿಯ ಆಸುಪಾಸು. ಸಂಜೆ ಆರರಿಂದ ಹತ್ತು ಬೇಡ. ಬೆಳಿಗ್ಗೆ ಆರರಿಂದ ಒಂಬತ್ತೂ ಬೇಡ, ಆಗ ಊರಿನ ಗೀಸರುಗಳೆಲ್ಲ ಓಡುತ್ತಿರುತ್ತವೆ.

ಪಾಳಿ ಹಾಕುವುದು

ತೋಟದವರಿಗೆ ಪಾಳಿ ಹೊಸದಲ್ಲ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ ಇವೆ. ಎಲ್ಲಕ್ಕೂ ಒಟ್ಟಿಗೆ ಮೂರು ಫೇಸ್ ಕೊಟ್ಟರೆ ಯಾವ ಗ್ರಿಡ್ಡೂ ತಡೆಯುವುದಿಲ್ಲ. ಅದಕ್ಕೇ ಒಂದು ಕಡೆ ಬೆಳಿಗ್ಗೆ, ಇನ್ನೊಂದು ಕಡೆ ರಾತ್ರಿ ಅಂತ ಹಂಚುತ್ತಾರೆ. ನಮ್ಮ ಮನೆಯವರು ಎಷ್ಟೋ ವರ್ಷ ರಾತ್ರಿ ಪಾಳಿಗೆ ಟಾರ್ಚ್ ಹಿಡಿದು ತೆಂಗಿನ ಸಾಲಿಗೆ ನೀರು ಕಟ್ಟಿದ್ದಾರೆ. ಹಾವು ಹುಪ್ಪಟೆಗೂ ಹೆದರದೆ ರೈತರು ಅಷ್ಟು ಮಾಡಿದ್ದಾರೆ. ಕಾರಿನವರು ಫೋನಿನಲ್ಲಿ ಒಂದು ಟೈಮ್ ಹಾಕಿ ಮಲಗಿದರೆ ಸಾಕು.

ಮಾಡುವುದು ಹೀಗೆ. ಮನೆಗೆ ಬಂದ ಕೂಡಲೇ ಪ್ಲಗ್ ಹಾಕಿಬಿಡಿ, ಮರೆಯುವುದಿಲ್ಲ. ಆದರೆ ಚಾರ್ಜ್ ಶುರುವಾಗುವ ಹೊತ್ತನ್ನು ಕಾರಿನ ಪರದೆಯಲ್ಲೋ ಆ್ಯಪ್‌ನಲ್ಲೋ ಹಾಕಿಡಿ. ಆ ಸೌಲಭ್ಯ ಇಲ್ಲದ ಕಾರಿಗೆ, ಬೋರ್ಡಿನಲ್ಲಿ ಹೇಳಿದ ಹೊತ್ತಿಗೆ ಲೈನ್ ಕೂಡಿಸುವ ಒಂದು ಟೈಮರ್ ಕಾಂಟ್ಯಾಕ್ಟರ್ ಹಾಕಿಸಬಹುದು. ಪಂಪ್‌ಸೆಟ್ ಸ್ಟಾರ್ಟರ್ ಕೂರಿಸುವವರಿಗೆ ಅದು ಗೊತ್ತಿರುವ ಕೆಲಸವೇ. ಇಪ್ಪತ್ತು ಆಂಪ್‌ಗಿಂತ ಕಡಿಮೆ ಇರುವ ಅಗ್ಗದ ಪ್ಲಗ್ ಟೈಮರ್ ಮಾತ್ರ ಬೇಡ, ಅದು ಕರಗುತ್ತದೆ.

ಸರಿಯಾಗಿ ಹನ್ನೆರಡಕ್ಕೆ ಅಂತ ಹಾಕಬೇಡಿ. ಇದು ನನಗೆ ತೋಟದಿಂದ ಬಂದ ಬುದ್ಧಿ. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿದವರ ಮೋಟರುಗಳೆಲ್ಲ ಮೂರು ಫೇಸ್ ಬಂದ ಕ್ಷಣವೇ ಒಟ್ಟಿಗೆ ಏಳುತ್ತವೆ. ಟಿಸಿ ಸುಡುವುದು ಬಹಳ ಸಲ ಆ ಕ್ಷಣದಲ್ಲೇ. ಎಲ್ಲ ಕಾರಿನವರೂ ಹನ್ನೆರಡು ಅಂತ ಹಾಕಿದರೆ ಅದೇ ಕಥೆ. 11:40, 12:25, 1:10 ಹೀಗೆ ಹಾಕಿ. ಬ್ರಿಟನ್ನಿನಲ್ಲಿ 2022ರಿಂದ ಮನೆಗೆ ಮಾರುವ ಚಾರ್ಜರುಗಳಲ್ಲಿ ಹತ್ತು ನಿಮಿಷದವರೆಗೆ ಒಂದೊಂದೂ ತಾನೇ ಬೇರೆ ಬೇರೆ ಹೊತ್ತು ತಡ ಮಾಡಿ ಶುರುವಾಗುವ ವ್ಯವಸ್ಥೆ ಕಡ್ಡಾಯ ಮಾಡಿದ್ದಾರೆ, ಇದೇ ಕಾರಣಕ್ಕೆ.

ಭಾನುವಾರ ನಾನು ಮನೆಯಲ್ಲಿದ್ದರೆ ಹನ್ನೊಂದರಿಂದ ಮೂರರವರೆಗೆ ಚಾರ್ಜ್ ಮಾಡುತ್ತೇನೆ. ಕೆಲಸದ ಜಾಗದಲ್ಲಿ ಹಗಲು ಪ್ಲಗ್ ಸಿಗುವವರು ಪುಣ್ಯವಂತರು, ಅದನ್ನೇ ಬಳಸಿ. ಚಾವಣಿ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಅಷ್ಟು ಹಲಗೆಯಿಂದ ದಿನಕ್ಕೆ ಹನ್ನೆರಡು ಯೂನಿಟ್ ಬರುತ್ತದೆ. ಕಾರಿಗೆ ಏಳು, ಮನೆಗೆ ಮೂರು, ಇನ್ನೂ ಉಳಿಯುತ್ತದೆ. ಆದರೆ ಕರೆಂಟ್ ಹೋದಾಗ ಆ ಸೋಲಾರ್ ಕೂಡ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಅಂದ ಮೇಲೆ ಪವರ್ ಕಟ್ ದಿನಕ್ಕೆ ಅದನ್ನು ನಂಬಿಕೊಳ್ಳಬೇಡಿ. ಬ್ಯಾಟರಿ ಯಾವಾಗಲೂ ನೂರಕ್ಕೆ ನಲವತ್ತಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಒಂದು ದಿನ ಕರೆಂಟ್ ಇಲ್ಲದಿದ್ದರೂ ಸ್ಕೂಲು ತಪ್ಪುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ

ಮಗಳು ಯಲಹಂಕದಲ್ಲಿ ಇದ್ದಾಳೆ. ಅರವತ್ತು ಮನೆ, 250 ಕೆವಿಎ ಟಿಸಿ. ಅಲ್ಲಿ ಚಾರ್ಜಿಂಗ್ ಬೇಕು ಬೇಡ ಅಂತ ಸಂಘದ ಮೀಟಿಂಗಿನಲ್ಲಿ ಜಗಳವೇ ಆಗಿತ್ತು. ನಾನು ಹೋಗಿದ್ದಾಗ ಅವರ ಟಿಸಿ ಮೀಟರಿನ ಅಂಕಿ ಕೇಳಿ ತೆಗೆದುಕೊಂಡೆ. ಸಂಜೆ ಅತಿ ಹೆಚ್ಚು ಅಂದರೆ 140. ನಡುರಾತ್ರಿ 60. ಟಿಸಿಯ ಮೇಲೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೊರೆ ಹಾಕಬಾರದು ಅಂದುಕೊಂಡರೆ ಮಿತಿ 200.

ಸಂಜೆ ಉಳಿಯುವುದು 60. ದೊಡ್ಡ ಪೆಟ್ಟಿಗೆ ಎಂಟೇ ಎಂಟು ಕಾರಿಗೆ. ಅದಕ್ಕೇ "ಹೊಸ ಟಿಸಿ ಹಾಕಿಸಬೇಕು, ಲಕ್ಷಾಂತರ ಖರ್ಚು" ಅಂತ ಕೂಗಾಟ. ನಡುರಾತ್ರಿ ಉಳಿಯುವುದು 140. ಚಿಕ್ಕ ಚಾರ್ಜರ್ ಆದರೆ ನಲವತ್ತೆರಡು ಕಾರು ಒಂದೇ ಸಲಕ್ಕೆ. ಒಬ್ಬೊಬ್ಬರಿಗೆ ಬೇಕಾದದ್ದು ಎರಡು ಎರಡೂವರೆ ಗಂಟೆ ಅಂದ ಮೇಲೆ ಎರಡು ಪಾಳಿ ಮಾಡಿದರೆ ಅರವತ್ತು ಮನೆಗೂ ಆಯಿತು. ಹೊಸ ಟಿಸಿ ಬೇಡ. ನಿಮ್ಮ ಸಂಘದಲ್ಲೂ ಮೊದಲು ಈ ಎರಡು ಅಂಕಿ ಕೇಳಿ: ಸಂಜೆಯದ್ದು ಮತ್ತು ನಡುರಾತ್ರಿಯದ್ದು. ಎಷ್ಟೋ ವಾದ ಅಲ್ಲೇ ನಿಲ್ಲುತ್ತದೆ.

ಜನರೇಟರ್ ಲೈನಿಗೆ ಚಾರ್ಜರ್ ಸೇರಿಸಬೇಡಿ. ಡೀಸೆಲ್ ಸುಟ್ಟು ಕಾರಿಗೆ ಕರೆಂಟ್ ತುಂಬುವುದರಲ್ಲಿ ಯಾವ ಅರ್ಥವೂ ಇಲ್ಲ, ಲಿಫ್ಟ್‌ಗೆ ಬೇಕಾದ್ದೂ ಇಲ್ಲದಂತಾಗುತ್ತದೆ. ನೆಲಮಾಳಿಗೆಯಲ್ಲಿ ಹಾಕುವುದಾದರೆ ಮಳೆನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ ಇರಲಿ. ಪ್ರತಿ ಮನೆಗೂ ಬೇರೆ ಮೀಟರ್ ಇರಲಿ, ಆಮೇಲೆ ಲೆಕ್ಕದ ಜಗಳ ಬರುವುದಿಲ್ಲ.

ನಮ್ಮ ಬೀದಿಗೆ ವಾಪಸ್ ಬರುತ್ತೇನೆ. ಈಗ ಅದೇ 63ರ ಟಿಸಿಯ ಕೆಳಗೆ ನನ್ನ ಕಾರಿನ ಜೊತೆ ಎರಡು ಸ್ಕೂಟರ್, ಒಂದು ಎಲೆಕ್ಟ್ರಿಕ್ ಲಗೇಜ್ ಆಟೋ ಇವೆ. ಮೂರು ಮನೆಯವರೂ ಕೂತು ಮಾತಾಡಿಕೊಂಡೆವು. ಆಟೋದವರು ಬೆಳಗಿನ ಜಾವ ನಾಲ್ಕಕ್ಕೇ ತರಕಾರಿ ಮಂಡಿಗೆ ಹೊರಡಬೇಕು, ಮೊದಲ ಪಾಳಿ ಅವರದು, ರಾತ್ರಿ ಹತ್ತೂವರೆಗೆ. ಸ್ಕೂಟರಿನವರು ಹೆಚ್ಚು ಎಳೆಯುವುದಿಲ್ಲ, ಅವರು ಯಾವಾಗ ಹಾಕಿದರೂ ನಡೆಯುತ್ತದೆ. ನನ್ನದು 1:10ಕ್ಕೆ ಶುರುವಾಗಿ ಮೂರೂವರೆ ಒಳಗೆ ಮುಗಿಯುತ್ತದೆ. ಅಜ್ಜಿ ಸಂಪಿನ ಮೋಟರನ್ನು ಸಂಜೆ ಏಳಕ್ಕೇ ಹಾಕುತ್ತಾರೆ.